ಎರಡನೇ ಗುಳಿಗಿ ಸೋತ ಮೇಲೆ

ನಮ್ಮಣ್ಣ ಗುಳಿಗಿ ಬಿಟ್ಟಿದ್ದು ನನ್ನ ಮಾತು ಕೇಳಿ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಇಲ್ಲಿಂದ ಮುಂದೆ ನಾನು ಸರ್ಕಾರವನ್ನ ಬೈತೀನಿ, ಡಾಕ್ಟರುಗಳನ್ನ ಬೈತೀನಿ, ನಿಮ್ಮನ್ನೂ ಒಂಚೂರು ಬೈತೀನಿ. ಬೈಯೋ ಮನುಷ್ಯನ ಕೈ ಎಷ್ಟು ಸ್ವಚ್ಛ ಇದೆ ಅಂತ ನಿಮಗೆ ಗೊತ್ತಿರಲಿ.

2022ರ ಜುಲೈ. ಖಿನ್ನತೆ ಬರೋದು ಮೆದುಳಿನಲ್ಲಿ ಸೆರೊಟೋನಿನ್ ಕಡಿಮೆಯಾಗಿ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ ಅಂತ ಲಂಡನ್ನಿನ ಸಂಶೋಧಕರು ಒಂದು ಪ್ರಬಂಧ ಬರೆದಿದ್ದರು. ಎಲ್ಲ ಕಡೆ ಅದೇ ಸುದ್ದಿ. ನಾನು ಪ್ರಬಂಧ ಓದಲಿಲ್ಲ. ಅದರ ಬಗ್ಗೆ ಯಾರೋ ಮಾಡಿದ್ದ ಆರು ನಿಮಿಷದ ವಿಡಿಯೋ ನೋಡಿದೆ. ಆಫೀಸಿನ ಕ್ಯಾಂಟೀನಿನಲ್ಲೇ ಕೂತು ಊರಿಗೆ ಫೋನ್ ಹಚ್ಚಿದೆ. “ಅಣ್ಣಾ, ಆ ಗುಳಿಗಿ ಎಲ್ಲಾ ಕಂಪನಿಯವ್ರ ದಂಧಾ ಅದ. ಬಿಟ್ಟುಬಿಡು. ಮುಂಜಾನೆದ್ದು ಎರಡು ಕಿಲೋಮೀಟರ್ ನಡಿ, ಎಲ್ಲಾ ಸರಿ ಆಗ್ತದ” ಅಂದೆ. ಹೊಲದಲ್ಲೇ ಹುಟ್ಟಿ ಬೆಳೆದವನಿಗೆ ನಡಿ ಅಂತ ಹೇಳಿದವನು ನಾನು, ದಿನಕ್ಕೆ ಹತ್ತು ತಾಸು ಕುರ್ಚಿಯಲ್ಲಿ ಕೂರುವವನು. ಅವನು ತಕರಾರು ಮಾಡಲಿಲ್ಲ. “ನೀ ಓದಿದವ, ನೀ ಹೇಳಿದ್ರ ಖರೆನೇ ಇರ್ತದ ಬಿಡು” ಅಂದ.

ಅಣ್ಣ ಅಂದ್ರೆ ದೊಡ್ಡಪ್ಪನ ಮಗ. ಶಹಾಪುರ ತಾಲೂಕಿನ ನಮ್ಮ ಊರಲ್ಲಿ ನಾಲ್ಕೆಕರೆ ಹೊಲ, ಒಂದು ಜೋಡಿ ಎತ್ತು, ಹತ್ತಿ, ತೊಗರಿ. ನನ್ನ ಬಿಇ ಮೂರನೇ ವರ್ಷದ ಫೀಸು ಅವನು ಮಾರಿದ ಹತ್ತಿಯ ದುಡ್ಡು. ಯಾದಗಿರಿ ಸ್ಟೇಷನ್ನಿನಲ್ಲಿ ನನ್ನ ಟ್ರಂಕ್ ಹೊತ್ತು ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಹತ್ತಿಸಿದವನೂ ಅವನೇ. ಕೊರೋನಾ ಎರಡನೇ ಅಲೆಯಲ್ಲಿ ದೊಡ್ಡಪ್ಪ ತೀರಿಕೊಂಡ ಮೇಲೆ ಅವನಿಗೆ ನಿದ್ದೆ ಹೋಯ್ತು, ಊಟ ಹೋಯ್ತು, ಆಮೇಲೆ ಮಾತೂ ಹೋಯ್ತು. ನಮ್ಮ ಕಡೆ ಖಿನ್ನತೆ ಅನ್ನೋ ಶಬ್ದ ಯಾರ ಬಾಯಲ್ಲೂ ಇಲ್ಲ. “ಮನಸಿಗೆ ಹಚ್ಕೊಂಡಾನ” ಅಂತಾರೆ, “ಟೆನ್ಶನ್ ಮಾಡ್ಕೊಂಡಾನ” ಅಂತಾರೆ. ಅವನು ಮಾತ್ರ “ಎದಿ ಮ್ಯಾಲ ಕಲ್ಲು ಇಟ್ಟಂಗ ಆಗ್ತದ, ಮೈಯೆಲ್ಲಾ ನೋವು” ಅಂತಿದ್ದ.

ಮನೆಯವರು ಅವನನ್ನ ಸುರಪುರ ತಾಲೂಕಿನ ತಿಂಥಣಿ ಮೌನೇಶ್ವರನ ಗುಡಿಗೆ ಕರ್ಕೊಂಡು ಹೋಗಿದ್ದರು. ಕೃಷ್ಣೆಯಲ್ಲಿ ಮುಳುಗಿಸಿ, ಕಾಯಿ ಒಡೆಸಿ ಬಂದರು. ಬೆಂಗಳೂರಲ್ಲಿ ಕೂತು ನಾನು ನಕ್ಕಿದ್ದೆ. ಈಗ ಲೆಕ್ಕ ಹಾಕಿ ನೋಡಿದ್ರೆ, ಮೌನೇಶ್ವರ ಯಾವತ್ತೂ ಗುಳಿಗಿ ಬಿಡು ಅನ್ನಲಿಲ್ಲ. ಅಂದವನು ಬಿಇ ಓದಿದ ತಮ್ಮ.

ದಸರಾ ಹೊತ್ತಿಗೆ ಅತ್ತಿಗಿ ಫೋನ್ ಮಾಡಿದಳು. “ತಮ್ಮಾ, ನಿಮ್ಮಣ್ಣ ಗ್ವಾಡಿ ಕಡಿ ಮಾರಿ ಮಾಡ್ಕೊಂಡು ಮಲಗ್ಯಾರ. ನೀರು ಸೈತ ಕುಡಿವಲ್ರು.” ಅದಾದ ಮೇಲೆ ಇನ್ನೂ ಇಬ್ಬರು ಡಾಕ್ಟರು, ಇನ್ನೂ ಎರಡು ಗುಳಿಗಿ. ಕಡೆಗೆ ಒಬ್ಬರು ಚೀಟಿಯಲ್ಲಿ ಬರೆದು ಕೊಟ್ಟರು: ನಾಲ್ಕು ಔಷಧಿಗೂ ಸ್ಪಂದಿಸಿಲ್ಲ. ಊರಲ್ಲಿ ಅದರ ಅನುವಾದ ಸಲೀಸಾಗಿ ಆಯ್ತು. ಇವನದು ವಾಸಿ ಆಗೋ ರೋಗ ಅಲ್ಲ.

ದೀಪಾವಳಿ ಮುಗಿಸಿ ಅವನನ್ನ ಬೆಂಗಳೂರಿಗೆ ಕರ್ಕೊಂಡು ಬಂದೆ. ಇಲ್ಲಿಯ ಡಾಕ್ಟರು ಮೊದಲು ಮಾಡಿದ ಕೆಲಸ ಅಂದ್ರೆ ಅಣ್ಣನ ಪ್ಲಾಸ್ಟಿಕ್ ಚೀಲವನ್ನ ಟೇಬಲ್ ಮೇಲೆ ಸುರುವಿಕೊಂಡು, ಒಂದೊಂದೇ ಸ್ಟ್ರಿಪ್ ಎತ್ತಿ, “ಇದು ಎಷ್ಟು ಮಿಲಿಗ್ರಾಂ? ಎಷ್ಟು ವಾರ?” ಅಂತ ಕೇಳಿದ್ದು. ಈ ಲೇಖನ ಬರೆಯೋ ಮುಂಚೆ ಅಣ್ಣನ ಒಪ್ಪಿಗೆ ಕೇಳಿದ್ದೆ. “ನನ್ನ ಹೆಸರು ಹಾಕಬ್ಯಾಡ, ಗುಳಿಗಿ ಹೆಸರು ಹಾಕು. ಮಂದಿಗಿ ಅದು ಬೇಕಾಗ್ತದ” ಅಂದ. ಹಾಗಾಗಿ ಹೆಸರು ಹಾಕಿಯೇ ಬರೀತೀನಿ.

ಮೊದಲನೇದು ಎಸ್ಸಿಟಾಲೋಪ್ರಾಮ್, 5 ಮಿಲಿಗ್ರಾಂ, ಮೂರು ವಾರ. ಈ ಔಷಧಿಯ ಸಾಮಾನ್ಯ ಡೋಸೇ 10ರಿಂದ 20. ಗುಣ ಕಾಣೋಕೆ ನಾಲ್ಕರಿಂದ ಎಂಟು ವಾರ ಬೇಕು. ಹಾಗಂತ ಅವನಿಗೆ ಯಾರೂ ಹೇಳಿರಲಿಲ್ಲ. ಹೊಟ್ಟೆ ತೊಳಸಿತು, ಬಿಟ್ಟ. ಎರಡನೇದು ಸರ್ಟ್ರಾಲೈನ್, 50 ಮಿಲಿಗ್ರಾಂ, ನಾಲ್ಕು ತಿಂಗಳು. ಇದರಲ್ಲಿ ಒಂಚೂರು ಚೇತರಿಸಿಕೊಂಡಿದ್ದ, ಹೊಲಕ್ಕೆ ಹೋಗೋಕೆ ಶುರು ಮಾಡಿದ್ದ. ಇದನ್ನ 200ರ ತನಕ ಏರಿಸಬಹುದು. ಯಾರೂ ಏರಿಸಲಿಲ್ಲ, ನಾನು ಬಿಡಿಸಿದೆ. ಮೂರನೇದು ಅಮಿಟ್ರಿಪ್ಟಿಲೈನ್, 10 ಮಿಲಿಗ್ರಾಂ. ಹಳೇ ಔಷಧಿ, ಒಳ್ಳೇ ಔಷಧಿ, ಆದರೆ 10 ಮಿಲಿಗ್ರಾಂ ಕೊಡೋದು ತಲೆನೋವಿಗೆ, ನರದ ನೋವಿಗೆ. ಖಿನ್ನತೆಗೆ ಸಾಮಾನ್ಯವಾಗಿ 75 ಅಥವಾ ಅದಕ್ಕೂ ಹೆಚ್ಚು ಬೇಕು. ನಾಲ್ಕನೇದು ಅಲ್ಪ್ರಜೋಲಾಂ. ಅದು ಖಿನ್ನತೆಯ ಔಷಧಿಯೇ ಅಲ್ಲ. ಆತಂಕ ತಗ್ಗಿಸ್ತದೆ, ನಿದ್ದೆ ತರಿಸ್ತದೆ, ದಿನಾ ತಗೊಂಡ್ರೆ ಚಟ ಹಿಡಿಸ್ತದೆ.

ಡಾಕ್ಟರು ಸ್ಟ್ರಿಪ್ಪುಗಳನ್ನ ಪಕ್ಕಕ್ಕೆ ಸರಿಸಿ, “ನಾಲ್ಕು ಔಷಧಿ ಫೇಲ್ ಆಗಿದೆ ಅಂತ ಬರ್ಕೊಂಡು ಬಂದಿದೀರಿ. ಒಂದೂ ಫೇಲ್ ಆಗಿಲ್ಲ. ಒಂದನ್ನೂ ಸರಿಯಾಗಿ ಕೊಟ್ಟೇ ಇಲ್ಲ” ಅಂದರು.

ನನ್ನ ಜಗಳ ಇರೋದು ಇಲ್ಲೇ. ವೈದ್ಯಶಾಸ್ತ್ರದಲ್ಲಿ ಟ್ರೀಟ್‌ಮೆಂಟ್ ರೆಸಿಸ್ಟೆಂಟ್ ಡಿಪ್ರೆಶನ್ ಅಂತ ಒಂದು ಮಾತಿದೆ, ಅಂದರೆ ಔಷಧಿಗೆ ಬಗ್ಗದ ಖಿನ್ನತೆ. ಅದಕ್ಕೆ ಬಹುತೇಕ ಎಲ್ಲರೂ ಒಪ್ಪುವ ಅಳತೆ ಇದೆ: ಕನಿಷ್ಠ ಎರಡು ಬೇರೆ ಬೇರೆ ಔಷಧಿಗಳನ್ನ, ಸರಿಯಾದ ಡೋಸಿನಲ್ಲಿ, ಸಾಕಷ್ಟು ವಾರ ಕೊಟ್ಟ ಮೇಲೂ ರೋಗಿ ಗುಣವಾಗದಿರೋದು. ಅದಕ್ಕೂ ಮೊದಲು ಥೈರಾಯ್ಡ್, ಬಿ-12, ಕುಡಿತ, ಬೈಪೋಲಾರ್ ಇವೆಲ್ಲ ಇಲ್ಲ ಅಂತ ಖಾತ್ರಿ ಮಾಡ್ಕೋಬೇಕು. ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಂದ ಬರೋ ರೋಗಿಗೆ ಈ ಅಳತೆ ಹಿಡಿಯೋ ಮೊದಲೇ ಹಣೆಪಟ್ಟಿ ಅಂಟಿಬಿಡ್ತದೆ. ಔಷಧಿ ಅವನನ್ನ ತಲುಪಿರೋದೇ ಇಲ್ಲ, ಆದರೆ ಔಷಧಿಗೆ ಬಗ್ಗದವನು ಅನ್ನಿಸಿಕೊಳ್ತಾನೆ. ಇದು ಮೊದಲನೇ ಅನ್ಯಾಯ. ಎರಡನೇದು ಇನ್ನೂ ದೊಡ್ಡದು. ನಿಜವಾಗಿಯೂ ಎರಡು ಔಷಧಿ ಸೋತವರಿಗೂ ದಾರಿಗಳಿವೆ. ದಶಕಗಳಿಂದ ಇವೆ, ಕೆಲವಂತೂ ಬಹಳ ಅಗ್ಗ. ಅವನ್ನೆಲ್ಲ ನಾವು ದೊಡ್ಡ ಊರುಗಳಲ್ಲೇ ಇಟ್ಟುಕೊಂಡು ಕೂತಿದೀವಿ.

ಮೊದಲು ಆ ಆರು ನಿಮಿಷದ ವಿಡಿಯೋದ ಲೆಕ್ಕ ಮುಗಿಸ್ತೀನಿ, ಯಾಕಂದ್ರೆ ಅದನ್ನ ನೀವೂ ನೋಡಿರ್ತೀರಿ. ಸೆರೊಟೋನಿನ್ ಕತೆ ತೀರಾ ಸರಳ ಮಾಡಿ ಹೇಳಿದ ಕತೆ ಅನ್ನೋದು ನಿಜ. ಆದರೆ ಔಷಧಿ ಹೇಗೆ ಕೆಲಸ ಮಾಡ್ತದೆ ಅನ್ನೋದು ಪೂರ್ತಿ ಗೊತ್ತಿಲ್ಲ ಅಂದಮಾತ್ರಕ್ಕೆ ಕೆಲಸ ಮಾಡಲ್ಲ ಅಂತ ಆಗಲ್ಲ. ಅರಿವಳಿಕೆ ಹೇಗೆ ಎಚ್ಚರ ತಪ್ಪಿಸ್ತದೆ ಅನ್ನೋದೂ ಪೂರ್ತಿ ಗೊತ್ತಿಲ್ಲ, ಹಾಗಂತ ಅಪೆಂಡಿಕ್ಸ್ ಆಪರೇಷನ್ನಿಗೆ ಅರಿವಳಿಕೆ ಬೇಡ ಅಂತೀರಾ? 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 522 ಪ್ರಯೋಗಗಳನ್ನ, ಒಂದು ಲಕ್ಷದ ಹದಿನಾರು ಸಾವಿರ ರೋಗಿಗಳ ಲೆಕ್ಕವನ್ನ ಒಟ್ಟುಗೂಡಿಸಿದ ವಿಶ್ಲೇಷಣೆ ಬಂತು. ನೋಡಿದ 21 ಔಷಧಿಗಳೂ ಹುಸಿಗುಳಿಗೆಗಿಂತ ಮೇಲು ಅಂತ ಬಂತು. ಆ ಮೇಲುಗೈ ಸರಾಸರಿಯಲ್ಲಿ ದೊಡ್ಡದೇನಲ್ಲ, ಒಪ್ತೀನಿ. ಒಬ್ಬರಿಗೆ ಅಮೃತ ಆದದ್ದು ಇನ್ನೊಬ್ಬರಿಗೆ ನೀರು. ಅದಕ್ಕೇ ಒಂದು ಸೋತರೆ ಇನ್ನೊಂದನ್ನ ಹಿಡಿದು ನೋಡಬೇಕು ಅನ್ನೋದು.

ಹಾಗೆ ಒಂದರ ನಂತರ ಒಂದನ್ನ ಹಿಡಿದು ನೋಡಿದ ದೊಡ್ಡ ಪ್ರಯೋಗ ಅಮೆರಿಕದ ಸ್ಟಾರ್-ಡಿ. ಸುಮಾರು 4,000 ರೋಗಿಗಳು, ನಾಲ್ಕು ಮೆಟ್ಟಿಲು, 2006ರಲ್ಲಿ ಫಲಿತಾಂಶ. ಮೊದಲ ಔಷಧಿಗೆ ಪೂರ್ತಿ ಗುಣವಾದವರು ಮೂರರಲ್ಲಿ ಒಬ್ಬರು. ಎರಡನೇ ಮೆಟ್ಟಿಲಿಗೂ ಹೆಚ್ಚುಕಡಿಮೆ ಅಷ್ಟೇ. ಮೂರು ಮತ್ತು ನಾಲ್ಕನೇದರಲ್ಲಿ ಗುಣವಾಗೋರು ನೂರಕ್ಕೆ ಹದಿಮೂರು ಹದಿನಾಲ್ಕಕ್ಕೆ ಇಳಿದುಬಿಟ್ಟರು. ನಾಲ್ಕೂ ಮೆಟ್ಟಿಲು ಹತ್ತಿದರೆ ನೂರಕ್ಕೆ 67 ಮಂದಿ ಗುಣ ಅಂತ ಆಗ ಹೇಳಿದರು. 2023ರಲ್ಲಿ ಅದೇ ದತ್ತಾಂಶವನ್ನ ಮತ್ತೆ ತೆಗೆದು ಎಣಿಸಿದವರು 67 ಅಲ್ಲ, 35 ಅಂದರು. ಈ ಜಗಳ ಇನ್ನೂ ಮುಗಿದಿಲ್ಲ. ಗುಳಿಗಿ ವಿರೋಧಿಗಳು 35 ಅನ್ನೋ ಅಂಕಿ ಹಿಡಿದು ಕುಣೀತಾರೆ. ನಾನು ಅದನ್ನ ಬೇರೆ ಥರ ಓದ್ತೀನಿ. ನಿಜವಾದ ಅಂಕಿ ಎಷ್ಟು ಕೆಳಗಿದ್ದರೆ, ಸಾದಾ ಗುಳಿಗಿ ಸಾಕಾಗದೇ ಉಳಿಯೋ ಮಂದಿ ಅಷ್ಟು ಜಾಸ್ತಿ. ಹಾಗಾದ್ರೆ ಮೂರನೇ ಮೆಟ್ಟಿಲಿನ ಚಿಕಿತ್ಸೆ ಅಷ್ಟೇ ಜಾಸ್ತಿ ಬೇಕು. ಗುಳಿಗಿ ಬಿಡಿಸಿ ಮನೆಗೆ ಕಳಿಸೋಕೆ ಇದರಲ್ಲಿ ಕಾರಣ ಎಲ್ಲಿದೆ?

ಅಣ್ಣನ ಕತೆಯೂ ಇದೇ ದಾರಿಯಲ್ಲಿ ಹೋಯ್ತು. ಥೈರಾಯ್ಡ್ ಸರಿ ಇತ್ತು, ಬಿ-12 ಕಡಿಮೆ ಇತ್ತು, ಅದಕ್ಕೆ ಇಂಜೆಕ್ಷನ್ ಆಯ್ತು. ಸರ್ಟ್ರಾಲೈನನ್ನ ಹಂತಹಂತವಾಗಿ ಪೂರ್ತಿ ಡೋಸಿಗೆ ಏರಿಸಿ ಎಂಟು ವಾರ ಕಾದರು. ಅರ್ಧ ಗುಣ. ಬದಲಿಸಿ ವೆನ್ಲಾಫಾಕ್ಸಿನ್ ಕೊಟ್ಟು ಮತ್ತೆ ಅಷ್ಟೇ ವಾರ ಕಾದರು. ಊಟ ಮಾಡ್ತಿದ್ದ, ಮಾತಾಡ್ತಿದ್ದ, ಆದರೆ ಎದೆ ಮೇಲಿನ ಕಲ್ಲು ಹೋಗಿರಲಿಲ್ಲ. “ಈಗ ಬೇಕಾದ್ರೆ ರೆಸಿಸ್ಟೆಂಟ್ ಅನ್ನಿ” ಅಂದರು ಡಾಕ್ಟರು. ಆ ಮಾತು ಅವರು ಆಡಿದ್ದು ಕೈ ಚೆಲ್ಲೋಕಲ್ಲ, ಮುಂದಿನ ಚೀಟಿ ಬರೆಯೋಕೆ. ಈಗಿರೋ ಔಷಧಿಯ ಜೊತೆಗೆ ಲಿಥಿಯಂ.

ನಿಮ್ಮ ಫೋನಿನ ಬ್ಯಾಟರಿಯಲ್ಲಿರೋ ಅದೇ ಲಿಥಿಯಂ. ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲೇ ಉನ್ಮಾದದ ರೋಗಿಗಳಿಗೆ ಕೊಟ್ಟು ನೋಡಿದ ಲವಣ. ಖಿನ್ನತೆಯ ಗುಳಿಗಿ ಒಂದೇ ಸಾಲದಾದಾಗ ಅದರ ಜೊತೆ ಇದನ್ನ ಸೇರಿಸೋದು ದಶಕಗಳ ರೂಢಿ. ಮೂಲಧಾತುವಿಗೆ ಪೇಟೆಂಟ್ ಸಿಗಲ್ಲ, ಹಾಗಾಗಿ ಯಾವ ಕಂಪನಿಗೂ ಇದನ್ನ ಜಾಹೀರಾತು ಮಾಡೋ ಉಮೇದು ಇಲ್ಲ. ಔಷಧಿ ಎಲ್ಲಾ ಕಂಪನಿಗಳ ದಂಧೆ ಅನ್ನೋರು ಇದಕ್ಕೆ ಏನಂತಾರೋ ಕೇಳಬೇಕು. ಇಷ್ಟು ಅಗ್ಗದ ಗುಳಿಗಿ ನಮ್ಮ ಜಿಲ್ಲೆಯ ರೋಗಿಗೆ ಯಾಕೆ ಕಷ್ಟ ಅಂತ ಕೇಳಿದ್ರೆ ಉತ್ತರ ರಕ್ತಪರೀಕ್ಷೆಯಲ್ಲಿದೆ.

ಲಿಥಿಯಂ ರಕ್ತದಲ್ಲಿ ಕಡಿಮೆ ಇದ್ದರೆ ಉಪಯೋಗ ಇಲ್ಲ, ಒಂಚೂರು ಹೆಚ್ಚಾದರೆ ವಿಷ. ಕೊನೇ ಗುಳಿಗಿ ತಗೊಂಡ ಹನ್ನೆರಡು ತಾಸಿಗೆ ರಕ್ತ ಕೊಟ್ಟು ಮಟ್ಟ ನೋಡಬೇಕು. ಶುರುವಿನಲ್ಲಿ ಪದೇಪದೇ, ಆಮೇಲೆ ಕೆಲವು ತಿಂಗಳಿಗೊಮ್ಮೆ. ಜೊತೆಗೆ ಕಿಡ್ನಿ, ಥೈರಾಯ್ಡ್ ಪರೀಕ್ಷೆ. ಬೆಂಗಳೂರಿನಲ್ಲಿ ಇದು ಆ್ಯಪಿನಲ್ಲಿ ಬುಕ್ ಮಾಡಿದರೆ ಮನೆಗೇ ಬರ್ತಾರೆ. ಈಗ ಇದನ್ನ ನಮ್ಮ ಸೀಮೆಗೆ ತಗೊಂಡು ಹೋಗಿ. ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿರ್ತದೆ. ಹೊಲದಲ್ಲಿ ದುಡಿಯೋ ಮನುಷ್ಯ ಬೆವರಿನಲ್ಲಿ ನೀರು, ಉಪ್ಪು ಕಳ್ಕೊಳ್ತಾನೆ. ದೇಹದಲ್ಲಿ ನೀರು, ಉಪ್ಪು ಕಡಿಮೆಯಾದರೆ ಕಿಡ್ನಿ ಲಿಥಿಯಂ ಅನ್ನ ಹೊರಗೆ ಬಿಡದೇ ಹಿಡಿದಿಟ್ಟುಕೊಳ್ತದೆ. ಸೊಂಟ ನೋವು ಅಂತ ಡೈಕ್ಲೋಫಿನಾಕ್ ತಗೊಂಡ್ರೆ ಮಟ್ಟ ಇನ್ನೂ ಏರ್ತದೆ.

2023ರ ಮೇ ತಿಂಗಳಲ್ಲಿ ಅಣ್ಣನಿಗೆ ಆಗಿದ್ದು ಅದೇ. ಲಿಥಿಯಂ ಶುರುವಾಗಿ ಆರೇಳು ವಾರ, ಒಂದು ವರ್ಷದಲ್ಲಿ ಮೊದಲ ಸಲ ನಗೋಕೆ ಶುರು ಮಾಡಿದ್ದ. ಹೊಲದಲ್ಲಿ ಕಂಟಿ ಕಡಿದು ಬಂದು, ಮೈಕೈ ನೋವಿಗೆ ಅಂತ ಅಂಗಡಿಯಿಂದ ನೋವಿನ ಗುಳಿಗಿ ತಂದು ಎರಡು ದಿನ ನುಂಗಿದ್ದಾನೆ. ಮೂರನೇ ದಿನ ವಾಂತಿ, ಭೇದಿ, ಕೈ ಗಡಗಡ, ನಡೆದ್ರೆ ಕುಡಿದವನ ಥರ ಜೋಲಿ. ಬೆಂಗಳೂರಿನ ಡಾಕ್ಟರು ಫೋನಿನಲ್ಲೇ ಲಿಥಿಯಂ ನಿಲ್ಲಿಸಿ, ತಕ್ಷಣ ದವಾಖಾನೆಗೆ ಸೇರಿಸಿ, ರಕ್ತದ ಮಟ್ಟ ನೋಡಿಸಿ ಅಂದರು. ಸಲಾಯಿನ್ ಹಚ್ಚಿದರು. ರಕ್ತದ ಮಟ್ಟ? ನಾವು ಓಡಾಡಿದ ಯಾವ ಲ್ಯಾಬಿನಲ್ಲೂ ಆ ಪರೀಕ್ಷೆ ಇರಲಿಲ್ಲ. ಒಬ್ಬರು ಸ್ಯಾಂಪಲ್ ತಗೊಂಡು ಬೇರೆ ಊರಿಗೆ ಕಳಿಸಿದರು. ಮೂರು ದಿನ ಬಿಟ್ಟು ರಿಪೋರ್ಟ್ ಬಂತು, 1.4. ಅವನಿಗೆ ಇರಬೇಕಾದದ್ದು 0.6ರಿಂದ 0.8. ಅಷ್ಟೊತ್ತಿಗೆ ಅಣ್ಣ ಎದ್ದು ಕೂತಿದ್ದ, ಪುಣ್ಯ. ಅವನು ಎದ್ದು ಕೂರದೇ ಇದ್ದಿದ್ರೆ ಆ ಕಾಗದ ತಗೊಂಡು ನಾವೇನು ಮಾಡ್ತಿದ್ವಿ?

ಇಂಥ ಭಯದಿಂದಲೇ ನಮ್ಮ ಕಡೆಯ ಡಾಕ್ಟರು ಲಿಥಿಯಂ ಬರೆಯೋಕೆ ಹಿಂಜರೀತಾರೆ ಅಂದ್ರೆ ಅವರನ್ನ ಬೈಯೋ ಹಾಗಿಲ್ಲ. ಮಟ್ಟ ನೋಡೋಕೆ ಆಗದ ಕಡೆ ಬರೆಯೋದೇ ತಪ್ಪು. ಬೈಬೇಕಾದ್ದು ಆ ಪರೀಕ್ಷೆಯನ್ನ ಅಲ್ಲಿ ಇಡದೇ ಇರೋರನ್ನ.

ಈಗ ಕೆಟಮಿನ್ ವಿಷಯಕ್ಕೆ ಬರೋಣ. ನನ್ನ ಟೀಮಿನಲ್ಲಿ ಖಿನ್ನತೆ ಅಂದ್ರೆ ಎಲ್ಲರಿಗೂ ಮೊದಲು ನೆನಪಾಗೋದು ಇದೇ. ಪಾಡ್‌ಕಾಸ್ಟಿನಲ್ಲಿ ಕೇಳಿರ್ತಾರೆ, ಅಮೆರಿಕದ ಉದ್ಯಮಿಗಳು ತಗೊಳ್ತಾರಂತೆ. ಅದರಲ್ಲಿ ದಮ್ಮು ಇಲ್ಲ ಅಂತ ನಾನು ಹೇಳಲ್ಲ. 1970ರಿಂದ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆಯಾಗಿ ಬಳಕೆಯಲ್ಲಿರೋ ಔಷಧಿ. ಅದರ ಸಣ್ಣ ಡೋಸ್ ಖಿನ್ನತೆಯನ್ನ ಇಳಿಸ್ತದೆ ಅಂತ ತೋರಿಸಿದ ಮೊದಲ ಪುಟ್ಟ ಪ್ರಯೋಗ 2000ದಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಬಂತು. ದೇಹದ ತೂಕದ ಕಿಲೋಗೆ ಅರ್ಧ ಮಿಲಿಗ್ರಾಂ, 40 ನಿಮಿಷ ನಿಧಾನಕ್ಕೆ ರಕ್ತನಾಳಕ್ಕೆ. ಉಳಿದ ಗುಳಿಗಿಗಳು ವಾರಗಟ್ಟಲೆ ಕಾಯಿಸಿದರೆ ಇದು ಗಂಟೆಗಳಲ್ಲಿ ಕೆಲಸ ಮಾಡ್ತದೆ. ಇದರದೇ ಒಂದು ರೂಪವಾದ ಎಸ್‌ಕೆಟಮಿನ್ ಮೂಗಿನ ಸ್ಪ್ರೇಗೆ 2019ರ ಮಾರ್ಚಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದೂ ಕ್ಲಿನಿಕ್ಕಿನಲ್ಲೇ ತಗೊಂಡು, ಎರಡು ತಾಸು ಅಲ್ಲೇ ಕೂತು, ಬಿಪಿ ನೋಡಿಸಿಕೊಂಡು ಹೋಗಬೇಕು ಅನ್ನೋ ಷರತ್ತಿನ ಮೇಲೆ.

ಆದರೆ ಒಂದು ಸಲದ ಕೆಟಮಿನ್ನಿನ ಗುಣ ಬಹುತೇಕರಲ್ಲಿ ಕೆಲವು ದಿನ, ಹೆಚ್ಚೆಂದರೆ ಒಂದೆರಡು ವಾರದಲ್ಲಿ ಇಳಿದುಹೋಗ್ತದೆ. ಮತ್ತೆ ಮತ್ತೆ ಬೇಕು. ಬಿಪಿ ಏರ್ತದೆ, ತಾನು ಮೈಯಿಂದ ಹೊರಗಿದ್ದೀನಿ ಅನ್ನಿಸ್ತದೆ, ಚಟಕ್ಕೆ ಬಿದ್ದರೆ ಮೂತ್ರಕೋಶ ಹಾಳಾಗ್ತದೆ. ‘ಫ್ರೆಂಡ್ಸ್’ ನೋಡಿದ ಎಲ್ಲರಿಗೂ ಮ್ಯಾಥ್ಯೂ ಪೆರಿ ಗೊತ್ತು. 2023ರ ಅಕ್ಟೋಬರಿನಲ್ಲಿ ಆತ ಸತ್ತದ್ದು ಕೆಟಮಿನ್ನಿನ ಪರಿಣಾಮದಿಂದ ಅಂತ ಶವಪರೀಕ್ಷೆಯ ವರದಿ ಬಂತು. ಹಾಗಾಗಿ ಇದು ವೀಕೆಂಡ್ ಪ್ರಯೋಗದ ಸಾಮಾನಲ್ಲ. ನಮ್ಮಲ್ಲಿ ಇದು ಶೆಡ್ಯೂಲ್ ಎಕ್ಸ್ ಔಷಧಿ, ಕೊಟ್ಟ ಲೆಕ್ಕ ಇಡಬೇಕು. ನನ್ನ ಸಿಟ್ಟು ಬೇರೆ ಕಡೆ ಇದೆ. ಕೆಟಮಿನ್ ಹೊಸ ವಿದೇಶಿ ಔಷಧಿ ಏನಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಅರಿವಳಿಕೆಯಾಗಿ ಎಷ್ಟೋ ವರ್ಷದಿಂದ ಇದೆ. ಇದನ್ನ ಕೊಡೋಕೆ ಬೇಕಾದ್ದು ಅರಿವಳಿಕೆ ತಜ್ಞರು, ಬಿಪಿ ಮಾನಿಟರ್, ಒಂದು ಮಂಚ, ಒಬ್ಬ ಮನೋವೈದ್ಯರು. ಹೆರಿಗೆ ಆಪರೇಷನ್ ಮಾಡೋ ಕಡೆ ಇದರಲ್ಲಿ ಮೂರು ಆಗಲೇ ಇರ್ತವೆ. ಆ ನಾಲ್ಕನೆಯವರು ಬಂದು ಉಳಿದ ಮೂರನ್ನ ಬಳಸೋ ದಿನ ಯಾವಾಗ ಬರ್ತದೆ ಅನ್ನೋದು ನನ್ನ ಪ್ರಶ್ನೆ.

ಕೆಟಮಿನ್ನಿಗೂ ಹಳೆಯ ಇನ್ನೊಂದು ದಾರಿ ಇದೆ, ಹೆಸರು ಹೇಳಿದ್ರೆ ಮಂದಿ ಬೆಚ್ಚಿ ಬೀಳ್ತಾರೆ: ಇಸಿಟಿ. ಊರಿನ ಮಾತಲ್ಲಿ ಕರೆಂಟ್ ಕೊಡೋದು. ಹಳೇ ಸಿನಿಮಾಗಳಲ್ಲಿ ಕಿರುಚಾಡೋ ರೋಗಿಯನ್ನ ಕಟ್ಟಿಹಾಕಿ ಕೊಡ್ತಾರಲ್ಲ, ಅದು ನಮ್ಮ ತಲೆಯಲ್ಲಿ ಕೂತಿದೆ. ಈಗ ಅರಿವಳಿಕೆ ಮತ್ತು ಸ್ನಾಯು ಸಡಿಲಿಸೋ ಔಷಧಿ ಇಲ್ಲದೇ ಇಸಿಟಿ ಕೊಡೋದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 95ನೇ ಕಲಮಿನ ಪ್ರಕಾರ ನಿಷಿದ್ಧ. ಕೆಲಕಾಲದ ಮರೆವು ಇದರ ಮುಖ್ಯ ತೊಂದರೆ. ನೀರು ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದವರಿಗೆ, ಜೀವ ಬೇಡ ಅನ್ನೋರಿಗೆ, ಇದರಷ್ಟು ಗಟ್ಟಿಯಾದ ಚಿಕಿತ್ಸೆ ಕಡಿಮೆ. 2023ರಲ್ಲಿ 403 ರೋಗಿಗಳನ್ನ ಎರಡು ಗುಂಪು ಮಾಡಿ ಹೋಲಿಸಿದ ಅಮೆರಿಕದ ಪ್ರಯೋಗದಲ್ಲಿ, ಭ್ರಮೆಯ ಲಕ್ಷಣ ಇಲ್ಲದ ಹಟಮಾರಿ ಖಿನ್ನತೆಯವರ ಪೈಕಿ ಕೆಟಮಿನ್ನಿಗೆ ನೂರಕ್ಕೆ 55, ಇಸಿಟಿಗೆ 41 ಮಂದಿ ಸ್ಪಂದಿಸಿದರು. ಯಾವುದು ಮೇಲು ಅನ್ನೋ ವಾದ ಡಾಕ್ಟರುಗಳಿಗಿರಲಿ. ಎರಡೂ ಇವೆ, ಎರಡೂ ಕೆಲಸ ಮಾಡ್ತವೆ, ನನ್ನ ಮಾತು ಅಷ್ಟೇ.

ಕೆಲವರು ಹೇಳ್ತಾರೆ, ಯಾದಗಿರಿಯಂಥ ಕಡೆ ಇವೆಲ್ಲ ಐಷಾರಾಮ, ಮೊದಲು ಮೊದಲನೇ ಗುಳಿಗಿ ಸಿಗಲಿ ಅಂತ. ಲೆಕ್ಕ ಹಾಕೋಣ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 11.74 ಲಕ್ಷ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 2.7 ಮಂದಿಗೆ ಖಿನ್ನತೆ ಇದೆ. ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕವೇ ಇರಲಿಲ್ಲ, ಆದರೂ ಅದನ್ನೇ ಹಿಡಿಯೋಣ. ಆರು ಲಕ್ಷ ವಯಸ್ಕರು ಅಂತ ಕಡಿಮೆ ಹಿಡಿದರೂ 16 ಸಾವಿರ ಮಂದಿ. ಅವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಎರಡು ಗುಳಿಗಿ ಸಾಲದು ಅಂದರೂ 4 ಸಾವಿರ. ಇದು ನನ್ನ ಅಂದಾಜು, ಸರ್ಕಾರದ ಅಂಕಿ ಅಲ್ಲ. ನಾಲ್ಕು ಸಾವಿರ ಮಂದಿಗೆ ಬೇಕಾದ್ದು ಐಷಾರಾಮ ಹೇಗಾಗ್ತದೆ?

ಕಾನೂನಂತೂ ಯಾವತ್ತೋ ಒಪ್ಪಿಕೊಂಡಿದೆ. ಅದೇ 2017ರ ಕಾಯ್ದೆಯ 18ನೇ ಕಲಂ ಮಾನಸಿಕ ಚಿಕಿತ್ಸೆಯನ್ನ ಹಕ್ಕು ಅಂತ ಕರೀತದೆ. ದೂರದೂರ ಅಲೆಯೋ ಹಾಗೆ ಆಗಬಾರದು ಅಂತದೆ. ಅಗತ್ಯ ಔಷಧಿ ಪಟ್ಟಿಯಲ್ಲಿರೋ ಔಷಧಿಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಸದಾಕಾಲ ಉಚಿತವಾಗಿ ಸಿಗಬೇಕು ಅಂತದೆ. ಲಿಥಿಯಂ ನಮ್ಮ ರಾಷ್ಟ್ರೀಯ ಅಗತ್ಯ ಔಷಧಿ ಪಟ್ಟಿಯಲ್ಲಿದೆ. ಅಂದರೆ ಈ ಎರಡು ಸಾಲು ಜೋಡಿಸಿ ಓದಿದ್ರೆ ಶಹಾಪುರ, ಸುರಪುರದಲ್ಲೇ ಲಿಥಿಯಂ ಸಿಗಬೇಕು. ಗುಳಿಗಿ ಸಿಕ್ಕು ಮಟ್ಟ ನೋಡೋ ಪರೀಕ್ಷೆ ಸಿಗದಿದ್ರೆ ಆ ಹಕ್ಕು ಅಪಾಯಕಾರಿ ಹಕ್ಕು.

ಇನ್ನೊಂದು ಸಂಗತಿ ನನಗೆ ನಾಚಿಕೆ ತರಿಸ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ದೇಶದಾದ್ಯಂತ ನಡೀತದಲ್ಲ, ಅದರ ಮಾದರಿ ಹುಟ್ಟಿದ್ದು ನಮ್ಮ ಕಲ್ಯಾಣ ಕರ್ನಾಟಕದಲ್ಲೇ. 1980ರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನೋರೋಗದ ಔಷಧಿಯನ್ನ ಹಳ್ಳಿ ಮಟ್ಟಕ್ಕೆ ತಂದು ತೋರಿಸಿದರು. 1996ರಲ್ಲಿ ಅದೇ ರಾಷ್ಟ್ರೀಯ ಕಾರ್ಯಕ್ರಮ ಆಯ್ತು. ರಾಜ್ಯದಲ್ಲಿ ಈಗ ಮನೋಚೈತನ್ಯ ಅಂತ ಇದೆ, ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರೋ ಯೋಜನೆ. ಒಳ್ಳೇ ಕೆಲಸ, ನಾನು ಕಡಿಮೆ ಮಾಡಿ ಹೇಳ್ತಿಲ್ಲ. ಆದರೆ ಇದೆಲ್ಲ ಮೊದಲ ಮೆಟ್ಟಿಲು. ನಲವತ್ತು ವರ್ಷದಿಂದ ನಾವು ಅದೇ ಮೆಟ್ಟಿಲನ್ನ ಗುಡಿಸ್ತಾ ಕೂತಿದೀವಿ. ನಮ್ಮ ಕೆಲಸದಲ್ಲಿ ಇದನ್ನ ಒಂದೇ ಹಂತದ ಸಪೋರ್ಟ್ ಅಂತೀವಿ. ಟಿಕೆಟ್ ತಗೊಳ್ಳೋಕೆ ಒಬ್ಬ ಇದಾನೆ, ಅವನಿಗೆ ಬಗೆಹರಿಯದಿದ್ರೆ ಮೇಲೆ ಕಳಿಸೋಕೆ ಯಾರೂ ಇಲ್ಲ. ಹಾಗಾಗಿ ಅವನು “ಗ್ರಾಹಕರಿಂದ ಸ್ಪಂದನೆ ಇಲ್ಲ” ಅಂತ ಬರೆದು ಟಿಕೆಟ್ ಮುಚ್ತಾನೆ. ಅಣ್ಣನ ಚೀಟಿಯಲ್ಲಿ ಬರೆದದ್ದು ಅದೇ ವಾಕ್ಯ.

ಹಾಗಾದ್ರೆ ಬೇಕಾದ್ದೇನು? ಒಂದು, ಪ್ರತಿ ರೋಗಿಯ ಕೈಯಲ್ಲಿ ಒಂದು ಕಾರ್ಡು: ಯಾವ ಔಷಧಿ, ಎಷ್ಟು ಮಿಲಿಗ್ರಾಂ, ಯಾವತ್ತಿಂದ ಯಾವತ್ತಿನವರೆಗೆ, ಯಾಕೆ ನಿಲ್ಲಿಸಿದ್ದು. ಗರ್ಭಿಣಿಯರಿಗೆ ತಾಯಿ ಕಾರ್ಡ್ ಕೊಡೋಕೆ ಬರೋ ಸರ್ಕಾರಕ್ಕೆ ಇದೂ ಬರ್ತದೆ. ಎರಡು, ಲಿಥಿಯಂ ಮಟ್ಟದ ಪರೀಕ್ಷೆ ಜಿಲ್ಲೆಯಲ್ಲೇ, ರಿಪೋರ್ಟ್ ಅದೇ ದಿನ. ಸ್ಯಾಂಪಲ್ ಶಹಾಪುರ, ಸುರಪುರದಲ್ಲೇ ತಗೊಳ್ಳಲಿ, ಮಂಗಳವಾರವೇ ತಗೊಳ್ಳಲಿ. ಮೂರು, ಯಾದಗಿರಿಗೆ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ. ಅರಿವಳಿಕೆಯೊಂದಿಗೆ ಇಸಿಟಿ, ನಿಗಾದಲ್ಲಿ ಕೆಟಮಿನ್, ಇವೆರಡೂ ಅಲ್ಲಿ ಸಿಗಬೇಕು. ಧಾರವಾಡಕ್ಕೋ ಬೆಂಗಳೂರಿಗೋ ಹೋಗೋದು ಅಲ್ಲಿಯೂ ಆಗದಿದ್ದಾಗ. ಸುಮಾರು 500 ಕಿಲೋಮೀಟರ್ ದೂರಕ್ಕೆ ರೋಗಿ, ಜೊತೆಗೆ ಒಬ್ಬರು, ಇಬ್ಬರ ಕೂಲಿ ಹೋಯ್ತು, ಇರೋಕೆ ಜಾಗ ಬೇಕು. ಬೆಂಗಳೂರಲ್ಲಿ ತಮ್ಮನ ಮನೆ ಇಲ್ಲದವರು ಏನು ಮಾಡಬೇಕು? ನಾಲ್ಕು, ಮಾತಿನ ಚಿಕಿತ್ಸೆ ನಮ್ಮ ಭಾಷೆಯಲ್ಲಿ. ಗುಳಿಗಿಯ ಜೊತೆ ಅದೂ ಸೇರಿದ್ರೆ ಹೆಚ್ಚು ಉಪಯೋಗ. ಆದರೆ “ಎದಿ ಮ್ಯಾಲ ಕಲ್ಲು” ಅಂದ್ರೆ ಏನು ಅಂತ ತಿಳಿಯೋರು ಬೇಕು.

ಇನ್ನು ನಿಮ್ಮ ಸರದಿ. ನಿಮ್ಮಲ್ಲಿ ಅರ್ಧ ಮಂದಿ ನನ್ನ ಥರದವರೇ. ಊರಲ್ಲಿ ನಿಮ್ಮ ಮಾತಿಗೆ ಡಾಕ್ಟರ ಮಾತಿಗಿಂತ ತೂಕ ಜಾಸ್ತಿ, ನಿಮ್ಮ ಸಂಬಳದ ಕಾರಣಕ್ಕೆ. ಆ ತೂಕ ಇಟ್ಟುಕೊಂಡು ಗುಳಿಗಿ ಬಿಡಿಸಬೇಡಿ. ಡೋಸೂ ಏರಿಸಬೇಡಿ, ನಾನು ಮೇಲೆ ಬರೆದ ಅಂಕಿ ನೋಡಿ ನೀವೇ ಡಾಕ್ಟರಾಗಬೇಡಿ. ಮಾಡಬಹುದಾದ್ದು ಬೇರೆ ಇದೆ. ಊರಿಗೆ ಫೋನ್ ಮಾಡಿದಾಗ ಎರಡು ಪ್ರಶ್ನೆ ಕೇಳಿ: ಎಷ್ಟು ಮಿಲಿಗ್ರಾಂ, ಎಷ್ಟು ವಾರ ಆಯ್ತು. ಸ್ಟ್ರಿಪ್ಪಿನ ಫೋಟೋ ತರಿಸಿಕೊಳ್ಳಿ, ತಾರೀಖು ಬರೆದಿಡಿ. ಮುಂದಿನ ಡಾಕ್ಟರಿಗೆ ಆ ಒಂದು ಹಾಳೆ ಬಂಗಾರ. ನಿಮ್ಮ ಪಾಲಿಸಿಯಲ್ಲಿ ಅಪ್ಪ ಅಮ್ಮ ಇದ್ದರೆ ತೆಗೆದು ಓದಿ. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಷ್ಟೇ ವಿಮೆ ಇರಬೇಕು ಅಂತ ಅದೇ ಕಾಯ್ದೆಯ 21ನೇ ಕಲಂ ಹೇಳ್ತದೆ, ಇಲ್ಲ ಅಂದ್ರೆ ಜಗಳಾಡಿ. ಯಾರಾದ್ರೂ ಜೀವ ಬೇಡ ಅಂತ ಮಾತಾಡಿದ್ರೆ ಅದನ್ನ ಮಾತಷ್ಟೇ ಅಂತ ಬಿಡಬೇಡಿ, ಒಬ್ಬರನ್ನೇ ಬಿಟ್ಟು ಹೋಗಬೇಡಿ. ಟೆಲಿ ಮಾನಸ್ ಸಂಖ್ಯೆ 14416, ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡ್ತಾರೆ, ದುಡ್ಡಿಲ್ಲ.

ಅಣ್ಣನ ಲಿಥಿಯಂ ಮತ್ತೆ ಕಡಿಮೆ ಡೋಸಿನಲ್ಲಿ ಶುರುವಾಯ್ತು. ಆ ವರ್ಷದ ಕಾರಹುಣ್ಣಿಮೆಗೆ ನಾನು ಊರಿಗೆ ಹೋದಾಗ ಎತ್ತಿನ ಕೋಡಿಗೆ ಬಣ್ಣ ಹಚ್ಚುತ್ತಿದ್ದ. ಪೂರ್ತಿ ಗುಣ ಅಂತ ಹೇಳಲಾರೆ. ಬ್ಯಾಸರದ ದಿನಗಳು ಈಗಲೂ ಬರ್ತವೆ, ಹೋಗ್ತವೆ. ರಕ್ತ ಪರೀಕ್ಷೆಗೆ ಈಗಲೂ ಮೂರು ತಿಂಗಳಿಗೊಮ್ಮೆ ರಾತ್ರಿ ರೈಲಿಗೆ ಬರ್ತಾನೆ, ಒಂದು ಸಿರಿಂಜ್ ರಕ್ತ ಕೊಟ್ಟು ಮತ್ತೆ ರಾತ್ರಿ ರೈಲಿಗೆ ಹೋಗ್ತಾನೆ. ಹೋದ ಸಲ ಮೆಜೆಸ್ಟಿಕ್ಕಿನಲ್ಲಿ ಬಿಡೋಕೆ ಹೋದಾಗ ಕೇಳಿದ, “ಈ ಪರೀಕ್ಷಾ ನಮ್ಮ ಯಾದಗಿರಿಯಾಗ ಮಾಡಾಕ ಏನ್ ತ್ರಾಸ ಅದ ಇವ್ರಿಗಿ?”

ನನ್ನ ಹತ್ರ ಉತ್ತರ ಇರಲಿಲ್ಲ. ಉತ್ತರ ಕೊಡಬೇಕಾದವರಿಗೆ ಮಾಹಿತಿ ಹಕ್ಕಿನಲ್ಲಿ ಅದೇ ಪ್ರಶ್ನೆ ಬರೆದು ಹಾಕಿದೀನಿ. ನಿಮ್ಮ ಜಿಲ್ಲೆಗೂ ಒಂದು ಹಾಕಿ. ಹತ್ತು ರೂಪಾಯಿ ಖರ್ಚು.